ಗೆಲ್ಲೋದೊಂದೇ ಗೊತ್ತಿದ್ದ ವಸ್ತಾದ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ ಮಗಾ, ನಿಮ್ಮಜ್ಜನ ಅಜ್ಜನಿಗೇ ಹಲ್ಲುದುರಿಹೋಗಿದ್ದ ಕಾಲ ಅಂತ ಇಟ್ಕೋ, ಸೋಮನಕುಪ್ಪೆ ಅಂತ ಒಂದೂರಿತ್ತಂತೆ. ಆ ಊರಲ್ಲಿ ಜವರಪ್ಪ ಅಂತ ಒಬ್ಬ ಪೈಲ್ವಾನ ಇದ್ದನಂತೆ. ಎಂಥ ಪೈಲ್ವಾನ ಅಂತೀಯ, ಅವನು ಬೀದೀಲಿ ನಿಂತು ಸೀನಿದ್ರೆ ಅರಳಿಕಟ್ಟೆ ಮೇಲೆ ಕೂತೋರು ಹಾರಿಹೋಗದ ಹಾಗೆ ವಲ್ಲಿ ಹಿಡ್ಕೋತಿದ್ದರಂತೆ. ಎಮ್ಮೆ ಎದುರಾದ್ರೆ ಎಮ್ಮೆಯೇ ದಾರಿ ಬಿಡ್ತಿತ್ತಂತೆ, ಹೋರಿ ಎದುರಾದ್ರೆ ಹೋರಿಯೂ ಬಿಡ್ತಿತ್ತಂತೆ, ಅವನ ಹೆಂಡತಿ ದ್ಯಾವಮ್ಮ ಒಬ್ಬಳು ಮಾತ್ರ ಬಿಡ್ತಿರಲಿಲ್ಲವಂತೆ.

ಹ್ಞೂಂ ಅನ್ನು. ನೀನು ಹ್ಞೂಂ ಅನ್ನದಿದ್ರೆ ನಾನೇ ಮೊದಲು ಮಲಗಿಬಿಡ್ತೀನಿ ನೋಡು.

ಆಮೇಲೆ, ಜವರಪ್ಪನ ಬೆನ್ನಿಗೆ ಮಣ್ಣು ಅಂಟಿದ್ದನ್ನ ಯಾರೂ ಯಾವತ್ತೂ ನೋಡಿರಲಿಲ್ಲವಂತೆ. ಕುಸ್ತೀಲಿ ಸೋಲೋದು ಅಂದ್ರೆ ಬೆನ್ನು ಮಣ್ಣಿಗೆ ತಾಗೋದು, ಅಷ್ಟೇ ತಾನೆ. ಇವನಿಗೆ ತಾಗಲೇ ಇಲ್ಲ. ಬೇರೆ ಪೈಲ್ವಾನರ ಹೆಂಡ್ತೀರು ಗಂಡನ ಬೆನ್ನುಜ್ಜಿ ಉಜ್ಜಿ ಸುಸ್ತಾಗ್ತಾರೆ, ನನಗೆ ಆ ಕಷ್ಟ ಇಲ್ಲಪ್ಪ ಅಂತ ದ್ಯಾವಮ್ಮ ಬಾವಿಕಟ್ಟೇಲಿ ಜಂಬ ಕೊಚ್ಚುತಿದ್ದಳಂತೆ. ಅವನದು ಒಂದೇ ದೊಡ್ಡ ಪಟ್ಟು, ಅಗಸ ಬಟ್ಟೆ ಒಗೆದ ಹಾಗೆ ಎದುರಾಳೀನ ಸೊಂಟದ ಮೇಲೆ ಹೇರ್ಕೊಂಡು ಆ ಕಡೆ ಒಗೆಯೋದು. ಒಗೆದ ಅಂದ್ರೆ ಮುಗೀತು, ಬಿದ್ದೋನು ಎದ್ದು ಕೂತು ನಾನು ಯಾವೂರೋನು ಅಂತ ಪಕ್ಕದೋರನ್ನ ಕೇಳ್ತಿದ್ದನಂತೆ.

ಹೀಗೇ ವರ್ಷ ಕಳೀತು, ಜವರಪ್ಪನ ಮಂಡಿ ಹಳೇ ಗಾಡಿ ಚಕ್ರದ ಹಾಗೆ ಕಿರ್‍ರ್ ಅನ್ನೋಕೆ ಶುರುವಾಯ್ತಂತೆ. ಅಖಾಡಕ್ಕಿಳಿಯೋದು ಬಿಟ್ಟ. ಅದೇ ಹೊತ್ತಿಗೆ ಊರ ಗರಡಿಯ ಹಳೇ ವಸ್ತಾದ, ಅಂದ್ರೆ ಹುಡುಗರಿಗೆ ಕುಸ್ತಿ ಕಲಿಸೋ ಗುರು, ತೀರ್ಕೊಂಡ. ಊರೋರೆಲ್ಲ ಸೇರಿ ಮಾತಾಡಿದ್ರಂತೆ, ಗೆದ್ದೋನೇ ಗೆಲ್ಲೋದು ಕಲಿಸಬೇಕು, ಇನ್ನೇನು ಸೋತೋನು ಕಲಿಸ್ತಾನಾ ಅಂತ. ಜವರಪ್ಪನ ತಲೆಗೆ ವಸ್ತಾದನ ಪೇಟ ಸುತ್ತಿದ್ರಂತೆ. ಕಲಿಸೋಕೆ ಬರುತ್ತೇನಪ್ಪ ಅಂತ ಅವನನ್ನ ಯಾರೂ ಕೇಳಲಿಲ್ಲ. ಅವನೂ ತನ್ನನ್ನ ತಾನು ಕೇಳ್ಕೊಳ್ಳಲಿಲ್ಲ.

ಈಗ ಪಕ್ಕದ ತೊರೆಹಳ್ಳಿಗೆ ಹೋಗೋಣ ಬಾ. ಅಲ್ಲಿಯ ವಸ್ತಾದ ಮಾಚಯ್ಯ. ಹರೆಯದಲ್ಲಿ ಜವರಪ್ಪ ಇವನನ್ನ ಮೂರು ಸಾರಿ ಒಗೆದಿದ್ದನಂತೆ. ಮೂರನೇ ಸಾರಿಯಂತೂ ಬಾಯಲ್ಲಿದ್ದ ಎಲೆಅಡಿಕೆ ಉಗಿಯೋಕೂ ಪುರುಸೊತ್ತು ಕೊಡದೆ ಒಗೆದಿದ್ದ. ಮಾಚಯ್ಯ ಜೀವಮಾನದಲ್ಲಿ ಒಂದು ದೊಡ್ಡ ಕುಸ್ತಿಯನ್ನೂ ಗೆಲ್ಲಲಿಲ್ಲವಂತೆ, ಆದ್ರೆ ಅವನ ಶಿಷ್ಯರು ಒಂದನ್ನೂ ಸೋಲ್ತಿರಲಿಲ್ಲವಂತೆ. ಜವರಪ್ಪ ಮೀಸೆ ತಿರುವಿ ನಗ್ತಿದ್ದ. ಬಿದ್ದೂ ಬಿದ್ದೂ ಬೆನ್ನು ಸವೆಸ್ಕೊಂಡೋನು ಏನು ಕಲಿಸ್ತಾನೆ, ನನ್ನ ಹುಡುಗರು ಬರಲಿ, ಅವನು ಗರಡಿ ಮುಚ್ಚಿ ಅದರಲ್ಲಿ ಕೋಳಿ ಸಾಕಬೇಕಾಗುತ್ತೆ ಅಂತಿದ್ದ.

ಆ ಸೀಮೆಯ ಪಾಳೇಗಾರನದೊಂದು ಕಟ್ಟಳೆ ಇತ್ತಂತೆ. ಪ್ರತಿ ಮಹಾನವಮಿಗೆ ಎರಡೂ ಊರಿನ ಗರಡಿಯಿಂದ ಒಬ್ಬೊಬ್ಬ ಶಿಷ್ಯ ಬಂದು ಅವನೆದುರು ಕುಸ್ತಿ ಆಡಬೇಕು. ಯಾವ ಗರಡಿ ಮೂರು ವರ್ಷ ಬಿಡದೆ ಸೋಲುತ್ತೋ ಅದು ತನ್ನ ಮಟ್ಟಿಯನ್ನ ಗೆದ್ದೂರಿಗೆ ಬಿಟ್ಕೊಡಬೇಕು. ಮಟ್ಟಿ ಅಂದ್ರೆ ಏನು ಗೊತ್ತಾ, ಗರಡಿ ಗುಂಡಿಯ ಕೆಮ್ಮಣ್ಣು. ಬರೀ ಮಣ್ಣಲ್ಲ ಅದು. ಎಣ್ಣೆ, ಮಜ್ಜಿಗೆ, ಅರಿಶಿನ, ಬೇವಿನ ಸೊಪ್ಪು ಹಾಕಿ ತಲೆಮಾರಿನಿಂದ ಹದ ಮಾಡಿದ್ದು. ಜವರಪ್ಪನ ಅಪ್ಪನ ಬೆವರು, ಅಜ್ಜನ ಬೆವರು, ಎಲ್ಲ ಅದರಲ್ಲೇ ಇತ್ತು. ಅವನು ಬೆಳಿಗ್ಗೆದ್ದು ದೇವರಿಗೆ ಕೈಮುಗಿಯೋದು ಮರೆತಾನು, ಮಟ್ಟಿ ಮುಟ್ಟಿ ಹಣೆಗಿಟ್ಕೊಳ್ಳೋದು ಮರೀತಿರಲಿಲ್ಲವಂತೆ.

ಆಮೇಲೆ ಶಿಷ್ಯರು. ಸೋಮನಕುಪ್ಪೇಲಿ ಗಾಣದ ಕಾಳಮ್ಮ ಅಂತ ಒಬ್ಬಳಿದ್ದಳು, ಗರಡಿಗೆ ಎಣ್ಣೆ ಕೊಡೋಳು. ಅವಳಿಗೆ ಮೂರು ಗಂಡುಮಕ್ಕಳು. ದೊಡ್ಡವನು ಮೊಗಣ್ಣ, ನಡುವಿನೋನು ಸಿಂಗ್ರಿ, ಕೊನೆಯೋನು ಹೊಂಬಾಳ. ಮೂವರೂ ಜವರಪ್ಪನ ಗರಡಿಗೇ ಬಂದ್ರಂತೆ.

ಮೊದಲನೇ ವರ್ಷ ಮೊಗಣ್ಣನ ಸರದಿ. ಗಾಣದ ಕಲ್ಲಿನಂಥ ಆಳು. ಜವರಪ್ಪ ಹೇಳಿದ್ನಂತೆ, ನೋಡು ಮೊಗಣ್ಣ, ಕುಸ್ತಿ ಅಂದ್ರೆ ಹಿಂಗೆ. ಹಿಂಗೆ ಅಂದೋನೇ ಎತ್ತಿ ಒಗೆದ. ಗೊತ್ತಾಯ್ತಾ? ಇಲ್ಲ ವಸ್ತಾದ್ರೆ. ಇನ್ನೊಂದು ಸಾರಿ ನೋಡು. ಮತ್ತೆ ಒಗೆದ. ಬೆಳಿಗ್ಗೆ ಒಗೆದ, ಸಂಜೆ ಒಗೆದ, ಮಳೆ ಬಂದ್ರೂ ಒಗೆದ. ಮಂಡಿ ಕಿರ್‍ರ್ ಅಂತಿದ್ರೂ ಒಗೆಯೋದರಲ್ಲಿ ಅವನಿಗೆ ಭಾರೀ ಖುಷಿ ನೋಡು. ಮೊಗಣ್ಣ ಪಾಪ ಬಿದ್ದ, ಎದ್ದ, ಬಿದ್ದ, ಎದ್ದ. ಮಹಾನವಮಿ ದಿನ ಅಖಾಡಕ್ಕಿಳಿದ, ತಮಟೆ ಬಡೀತು, ತೊರೆಹಳ್ಳಿ ಹುಡುಗ ಬಂದು ಇವನ ಭುಜ ಮುಟ್ಟಿದ್ನಷ್ಟೇ, ಮೊಗಣ್ಣ ತಾನಾಗೇ ಬೆನ್ನು ಹಚ್ಚಿ ಮಲಗಿಬಿಟ್ಟನಂತೆ! ಏನ್ ಮಾಡ್ತಾನೆ, ವರ್ಷವೆಲ್ಲ ಕಲಿತಿದ್ದು ಅದೊಂದೇ. ಮುಟ್ಟಿದೋನೇ ಹೆದರಿ, ನಾನೇನೂ ಮಾಡಿಲ್ಲ ಸ್ವಾಮಿ ಅಂತ ಪಾಳೇಗಾರನ ಕಡೆ ಕೈಮುಗಿದನಂತೆ.

ನಗಬೇಡ, ಕಂಬಳಿ ಜಾರ್ತಾ ಇದೆ, ಎಳ್ಕೋ.

ಜವರಪ್ಪ ಹುಡುಗನದೇ ತಪ್ಪು ಅಂದ. ಮೈ ಇದೆ, ತಲೆ ಇಲ್ಲ ಅಂದ. ಎರಡನೇ ವರ್ಷ ಸಿಂಗ್ರೀನ ಹಿಡ್ಕೊಂಡ. ಸಿಂಗ್ರಿ ಚುರುಕು, ಅಳಿಲಿನಂಥೋನು. ಈ ಸಾರಿ ಒಗೆಯೋದು ಕಮ್ಮಿ ಮಾಡಿ ಬಾಯಲ್ಲಿ ಕಲಿಸೋಕೆ ಹೊರಟನಂತೆ. ಹಾಕು! ಹಾಗಲ್ಲ! ಹಿಂಗೆ! ಅಯ್ಯೋ ಹಿಂಗೆ ಅಂದ್ರೆ ಹಿಂಗೆ ಕಣೋ! ಸಿಂಗ್ರಿ ಒಂದು ಕಾಲೆತ್ತಿದ್ರೆ ಅದಲ್ಲ ಅಂತಿದ್ದ, ಇನ್ನೊಂದು ಕಾಲೆತ್ತಿದ್ರೆ ಅದೂ ಅಲ್ಲ ಅಂತಿದ್ದ. ಮೂರನೇ ಕಾಲು ಎಲ್ಲಿಂದ ತರಲಿ ಅಂತ ಸಿಂಗ್ರಿ ಮನೇಲಿ ಅವ್ವನ ಹತ್ರ ಅತ್ತನಂತೆ. ಮಹಾನವಮಿ ಬಂತು. ಸಿಂಗ್ರಿ ಪರವಾಗಿಲ್ಲ ಅನ್ನೋ ಹಾಗೆ ಆಡ್ತಿದ್ದ, ಇನ್ನೇನು ತೊರೆಹಳ್ಳಿಯೋನ ಕಾಲು ತಡವರಿಸ್ತು, ಸೊಂಟ ಸಿಕ್ತು. ಅಂಚಿನಲ್ಲಿ ಕೂತಿದ್ದ ಜವರಪ್ಪನಿಗೆ ಕೈ ತುರಿಕೆ, ಭುಜ ತುರಿಕೆ. ಹಿಡಿಯೋ, ಹಿಡಿಯೋ ಸಿಂಗ್ರಿ, ಅಯ್ಯೋ ಸಿಕ್ಕಿದ್ನಲ್ಲೋ ಅಂತ ಕೂಗಿದ, ಕೂಗಿದ, ಆಮೇಲೆ ತಡ್ಕೊಳ್ಳೋಕಾಗದೆ ಪೇಟ ಸಮೇತ ಅಖಾಡಕ್ಕೆ ಹಾರಿ, ಶಿಷ್ಯನನ್ನ ಪಕ್ಕಕ್ಕೆ ತಳ್ಳಿ, ತೊರೆಹಳ್ಳಿಯೋನನ್ನ ತಾನೇ ಎತ್ತಿ ಒಗೆದುಬಿಟ್ಟನಂತೆ!

ಜನರ ನಗು ಶುರುವಾಯ್ತು ನೋಡು, ಪಾಳೇಗಾರನ ಕುದುರೆ ಬೆದರಿ ಹಗ್ಗ ಕಿತ್ಕೊಂಡು ಓಡ್ತಂತೆ. ಪಾಳೇಗಾರ ಕಣ್ಣೊರೆಸ್ಕೊಂಡು ಹೇಳಿದ್ನಂತೆ, ಭೇಷ್ ಜವರಪ್ಪ, ಒಗೆದಿದ್ದು ಚೆನ್ನಾಗಿತ್ತು, ಆದ್ರೆ ಸೋತಿದ್ದು ನಿನ್ನ ಶಿಷ್ಯ.

ಮಾರನೇ ದಿನವೇ ಮಾಚಯ್ಯ ಸೋಮನಕುಪ್ಪೆಗೆ ಬಂದ್ನಂತೆ. ಗರಡಿ ಗುಂಡಿ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ, ಮೊಣಕೈ ಮುಳುಗೋ ತನಕ ಮಟ್ಟೀಲಿ ಕೈಯಿಟ್ಟು ನೋಡಿದ. ಏನ್ ಮಾಚಯ್ಯ ಅಂದ ಜವರಪ್ಪ. ಏನಿಲ್ಲ ಜವರ, ಈ ಮಣ್ಣು ಹೊರೋಕೆ ಎಷ್ಟು ಮಂಕರಿ ಬೇಕಾಗುತ್ತೆ ಅಂತ ನೋಡ್ತಿದ್ದೆ, ಮಂಕರಿ ಹೆಣೆಯೋಕೆ ಈಗಲೇ ಹೇಳಿಟ್ರೆ ಮುಂದಿನ ಮಹಾನವಮಿಗೆ ಸರಿಹೋಗುತ್ತೆ. ಹಂಗೇ ಹೋಗೋವಾಗ ತಿರುಗಿ ನೋಡಿ, ಗುಂಡಿ ಖಾಲಿಯಾದ ಮೇಲೆ ಕೆಸುವಿನ ಗಡ್ಡೆ ನೆಡು, ಚೆನ್ನಾಗಿ ಬರುತ್ತೆ ಅಂದ್ನಂತೆ. ಅವತ್ತು ಜವರಪ್ಪ ಗುಂಡಿ ಅಂಚಿಗೆ ಕೂತು ಮಟ್ಟೀನ ಮುಷ್ಟೀಲಿ ಹಿಡಿದೂ ಬಿಟ್ಟೂ ಮಾಡ್ತಿದ್ನಂತೆ. ಅಷ್ಟರಲ್ಲಿ ಕಾಳಮ್ಮ ಎಣ್ಣೆ ತಗೊಂಡು ಬಂದ್ಳು. ಏನ್ ಜವರಣ್ಣ, ಎಣ್ಣೆ ನನ್ನದು, ಮಕ್ಕಳು ನನ್ನೋರು, ಊರೆಲ್ಲ ನಗೋದೂ ನನ್ನ ನೋಡೇನಾ? ಉಳಿದಿರೋನು ಒಬ್ಬ, ಅವನನ್ನೂ ಮಲಗಿಸ್ತೀಯೋ, ಇಲ್ಲಾ ಅವನ ಬದಲು ನೀನೇ ಹಾರ್ತೀಯೋ?

ಜವರಪ್ಪ ಎಣ್ಣೆ ಇಸ್ಕೊಂಡು ಮಟ್ಟಿಗೆ ಸುರಿದು ಕಲೆಸೋಕೆ ಕೂತ. ತಲೆ ಎತ್ತಿದ್ರೆ ಎಲ್ಲಿ ಅತ್ತುಬಿಡ್ತೀನೋ ಅಂತ ಭಯ.

ಮೂರನೇ ವರ್ಷ ಹೊಂಬಾಳ ಬಂದ. ಒಣಗಿದ ಜೋಳದ ದಂಟಿನಂಥ ಹುಡುಗ. ಸಾಲದ್ದಕ್ಕೆ ಬಾಯಿ ತುಂಬ ಪ್ರಶ್ನೆ. ಜವರಪ್ಪ ಒಂದು ಸಾರಿ ಒಗೆದ, ಬಿದ್ದಲ್ಲೇ ಮಲಗಿ ಹೊಂಬಾಳ ಕೇಳಿದ್ನಂತೆ, ವಸ್ತಾದ್ರೆ, ಮೊದಲು ಕಾಲು ಹೋಯ್ತಾ ಸೊಂಟ ಹೋಯ್ತಾ? ಕಾಲು ಅಂದ್ರೆ ಕಾಲು ಕಣೋ, ಎಲ್ಲಾ ಒಟ್ಟಿಗೇ ಹೋಗುತ್ತೆ. ಒಟ್ಟಿಗೇ ಹೋದ್ರೆ ಬೀಳಲ್ವಾ? ನಾನು ಬಿದ್ದಿದೀನಾ? ನೀವು ಬಿದ್ದಿಲ್ಲ, ಅದಕ್ಕೇ ಕೇಳ್ತಿದೀನಿ. ಜವರಪ್ಪನಿಗೆ ಸಿಟ್ಟು ನೆತ್ತಿಗೇರ್ತು. ವಸ್ತಾದನಿಗೇ ಎದುರು ಮಾತಾ, ನಡಿ ಮನೆಗೆ ಅಂತ ಅಟ್ಟಿಬಿಟ್ಟ. ಸಿಟ್ಟು ಹುಡುಗನ ಮೇಲಲ್ಲ ಅಂತ ಒಳಗೊಳಗೇ ಗೊತ್ತಿತ್ತು ಅವನಿಗೆ. ನಿಜವಾಗಿ ಮೊದಲು ಏನು ಹೋಗುತ್ತೆ ಅಂತ ಅವನಿಗೂ ತಿಳೀದು.

ಮುಖ ಊದಿಸ್ಕೊಂಡು ಮನೆಗೆ ಬಂದ್ರೆ ದ್ಯಾವಮ್ಮ ಬಲಗೈಗೆ ಬಟ್ಟೆ ಕಟ್ಕೊಂಡು ಕೂತಿದ್ದಳಂತೆ. ನೀರಿನ ಕೊಡ ಜಾರಿ ಮಣಿಕಟ್ಟು ಉಳುಕಿತ್ತು. ಕೈ ವಾಸಿಯಾಗೋ ತನಕ ಮುದ್ದೆ ನೀವೇ ತಿರುವಿ ಅಂದ್ಳು. ಜವರಪ್ಪ ನಕ್ಕ. ಆಳುಗಳನ್ನೇ ತಿರುವಿದೋನಿಗೆ ಮುದ್ದೆ ಏನು ಲೆಕ್ಕ! ನೀರು ಕುದೀತು, ಹಿಟ್ಟು ಹಾಕ್ದ, ಕೋಲು ಹಿಡಿದು ನಿಂತ. ಈಗ? ಹದ ನೋಡ್ಕೊಂಡು ತಿರುವಿ ಅಂದ್ಳು. ಹದ ಅಂದ್ರೆ? ಹದ ಅಂದ್ರೆ ಹದ, ಇನ್ನೇನು. ಯಾವಾಗ ಬರುತ್ತೆ? ಬಂದಾಗ ಬರುತ್ತೆ. ಬಂದಿದೆ ಅಂತ ಹೆಂಗೆ ಗೊತ್ತಾಗುತ್ತೆ? ನನಗೆ ಗೊತ್ತಾಗುತ್ತಪ್ಪ! ದ್ಯಾವಮ್ಮನ ಮುದ್ದೆ ಅಂದ್ರೆ ಸುತ್ತೂರಿಗೆಲ್ಲ ಹೆಸರು, ಬೆಣ್ಣೆ ಉಂಡೆ ಥರ ಗಂಟಲಿಗೆ ಜಾರೋದು. ಜವರಪ್ಪ ಮಾಡಿದ್ದು ಮೊದಲನೇ ದಿನ ಅಂಬಲಿಯಾಗಿ ತಟ್ಟೆಯಿಂದ ಹರಿದುಹೋಯ್ತಂತೆ. ಎರಡನೇ ದಿನ ಗೋಲಿಯಾಡೋವಷ್ಟು ಗಂಟು. ಹಾಗಲ್ಲ ಅಂದ್ಳು ದ್ಯಾವಮ್ಮ. ಹೆಂಗೆ? ಹಿಂಗೆ. ಹಿಂಗೆ ಅಂದ್ರೆ ಹೆಂಗೆ? ಜವರಪ್ಪ ಕೋಲು ಎತ್ತಿ ಎಸೆದ. ನಿನಗೆ ಬರುತ್ತೆ, ಹೇಳೋಕೆ ಬರಲ್ವಲ್ಲೇ ದ್ಯಾವಿ! ಅಂದ. ಅಂದೋನು ಬಾಯಿ ತೆರೆದಂಗೇ ನಿಂತುಬಿಟ್ಟನಂತೆ. ಈ ಮಾತು ತನ್ನ ಬೆನ್ನ ಹಿಂದೆ ಮೊಗಣ್ಣ, ಸಿಂಗ್ರಿ ಎಷ್ಟು ಸಾರಿ ಆಡ್ಕೊಂಡಿರಬೇಕು ಅಂತ ಅನ್ನಿಸ್ತು.

ಮೂರನೇ ದಿನ ದ್ಯಾವಮ್ಮ ಹಸಿವು ತಾಳಲಾರದೆ, ಕೊಡಿ ಇಲ್ಲಿ, ಎಡಗೈಲೇ ಮಾಡ್ತೀನಿ ಅಂತ ಕೂತ್ಳು. ಎಡಗೈ ಅಭ್ಯಾಸ ಇಲ್ಲ ನೋಡು, ನಿಧಾನ ಆಯ್ತು. ನಿಧಾನ ಆದ್ದರಿಂದ ತನ್ನ ಕೈ ಏನು ಮಾಡ್ತಿದೆ ಅಂತ ಅವಳಿಗೇ ಕಾಣಿಸ್ತಂತೆ. ಅಯ್ಯ, ಇಲ್ನೋಡಿ, ಹಿಟ್ಟು ಹಾಕಿದ ಮೇಲೆ ನಾನು ಮುಟ್ಟೋದೇ ಇಲ್ಲ, ಗುಡ್ಡೆ ನಡುವಿಂದ ನೀರುಕ್ಕಿ ಬರೋ ತನಕ ಕಾಯ್ತೀನಿ. ಅಯ್ಯ, ಕೋಲನ್ನ ನಡುವೆ ತಿರುಗಿಸಲ್ಲ, ಅಂಚಿಗೆ ಒತ್ತಿ ಒತ್ತಿ ಅರೀತೀನಿ, ಅದಕ್ಕೇ ಗಂಟಾಗಲ್ಲ! ಇಷ್ಟು ವರ್ಷ ಮಾಡಿದೀನಿ, ನನಗೇ ಗೊತ್ತಿರಲಿಲ್ಲ ಕಣ್ರೀ!

ಜವರಪ್ಪ ಮುದ್ದೆ ಉಣ್ಣಲಿಲ್ಲ. ಎದ್ದು ಗರಡಿಗೆ ಓಡಿದ್ನಂತೆ. ದಾರೀಲಿ ಗಾಣದ ಮನೆ ಮುಂದೆ ನಿಂತು, ಹೊಂಬಾಳ, ಬಾರೋ ಹೊರಗೆ ಅಂತ ಕೂಗಿದ. ಮೂವರು ಅಣ್ಣತಮ್ಮಂದಿರೂ ಹೆದರ್‍ಕೊಂಡು ಹಿಂದೆ ಬಂದ್ರು. ಜವರಪ್ಪ ಪೇಟ ತೆಗೆದು ಗೂಟಕ್ಕೆ ಸಿಕ್ಕಿಸಿ, ಮಟ್ಟಿಗಿಳಿದು, ಹೊಂಬಾಳನನ್ನ ಎಳ್ಕೊಂಡು, ತನ್ನ ಆ ದೊಡ್ಡ ಪಟ್ಟನ್ನ ಎಡಗಡೆಯಿಂದ ಹಾಕೋಕೆ ಹೋದ. ಯಾವತ್ತೂ ಬಲಗಡೆ ಹಾಕಿದೋನು, ಎಡಗಡೆಗೆ ಹೊಸಬ. ಕಾಲು ಕಾಲಿಗೆ ತೊಡರ್ಕೊಂಡು ದಢಾರ್ ಅಂತ ಬಿದ್ನಂತೆ. ಬೆನ್ನು ಪೂರ್ತಿ ಮಣ್ಣಿಗೆ.

ಮೊಗಣ್ಣ ಮುಖ ಆ ಕಡೆ ತಿರುಗಿಸ್ಕೊಂಡ, ವಸ್ತಾದ ಬಿದ್ದಿದ್ದನ್ನ ನೋಡಿದ್ರೆ ಕಣ್ಣು ಹೋಗುತ್ತೇನೋ ಅಂತ. ಜವರಪ್ಪ ಮಲಗಿದ್ದಲ್ಲಿಂದ ಮಾಡಿನ ಹೆಂಚು ನೋಡಿದ. ಬೀಳೋದು ಅಂದ್ರೆ ಇಷ್ಟೇನಾ ಅಂದ್ಕೊಂಡ. ಎದ್ದ, ಮತ್ತೆ ಹಾಕೋಕೆ ಹೋದ, ಮತ್ತೆ ಓಲಾಡಿದ. ಆಗ ಹೊಂಬಾಳ ಅಂದ್ನಂತೆ, ನಿಲ್ಲಿ! ಗರಡೀಲಿ ಶಿಷ್ಯ ವಸ್ತಾದನಿಗೆ ನಿಲ್ಲಿ ಅನ್ನೋ ಹಾಗಿಲ್ಲ ಮಗಾ, ಅಂದೋನನ್ನ ಆಚೆ ಹಾಕ್ತಾರೆ. ಸಿಂಗ್ರಿ ತಮ್ಮನ ಬಾಯಿ ಮುಚ್ಚೋಕೆ ಓಡಿದ. ಜವರಪ್ಪ ಮಾತ್ರ ಒಂದು ಕಾಲು ಎತ್ತಿದಂಗೇ ಕೊಕ್ಕರೆ ಥರ ನಿಂತ. ಹೇಳೋ, ಏನು ಕಾಣ್ತು? ಸೊಂಟ ಮೊದಲು ಹೋಯ್ತು ವಸ್ತಾದ್ರೆ, ಕಾಲು ಆಮೇಲೆ ಬಂತು, ಅದಕ್ಕೇ ಓಲಾಡಿದ್ರಿ. ಹಂಗಾ? ಈಗ ಕಾಲು ಮೊದಲು ಹಾಕ್ತೀನಿ ನೋಡು. ಹಾಕಿದ. ಹೊಂಬಾಳ ಮೆತ್ತಗೆ ಆ ಕಡೆ ಹೋಗಿ ಬಿದ್ದ. ಬಿದ್ದಲ್ಲಿಂದಲೇ ಕೂಗಿದ, ಗೊತ್ತಾಯ್ತು ವಸ್ತಾದ್ರೆ!

ಅವತ್ತಿಂದ ಗರಡೀಲಿ ನಿಲ್ಲಿ, ನಿಲ್ಲಿ ಅನ್ನೋದೇ ಸದ್ದು. ಮೊಗಣ್ಣನೂ ಹೇಳೋನು, ಸಿಂಗ್ರಿಯೂ ಹೇಳೋನು. ಜವರಪ್ಪ ನಡುಮಧ್ಯ ನಿಂತು ತನ್ನ ಕೈ ಕಾಲುಗಳನ್ನ ಬೇರೆ ಯಾರದೋ ಅನ್ನೋ ಹಾಗೆ ನೋಡೋನು. ಸಂಜೆ ಮನೆಗೆ ಹೋದ್ರೆ ದ್ಯಾವಮ್ಮ ಅವನ ಬೆನ್ನುಜ್ಜೋಳು. ಇದೇನ್ರೀ ಈ ವಯಸ್ಸಲ್ಲಿ ನನಗೆ ಹೊಸ ಕೆಲಸ ಅಂತ ಬೈಯೋಳು, ಬೈತಾನೇ ಉಜ್ಜೋಳು. ಊರಲ್ಲಿ ಮಾತೋ ಮಾತು, ಜವರಪ್ಪನ ಬೆನ್ನಿಗೆ ಮಣ್ಣಾಗಿದೆಯಂತೆ ಅಂತ. ತೊರೆಹಳ್ಳಿಗೂ ಸುದ್ದಿ ಹೋಯ್ತು. ಮಾಚಯ್ಯ ಒಬ್ಬ ಮಾತ್ರ ನಗಲಿಲ್ಲವಂತೆ. ಮಂಕರಿ ಹೆಣೆಯೋನಿಗೆ, ಸ್ವಲ್ಪ ತಡಿ ಅಂದ್ನಂತೆ.

ನಿದ್ದೆ ಬಂತಾ? ಬಂದಿಲ್ವಾ? ಸರಿ, ಈಗ ಮಹಾನವಮಿ.

ತೊರೆಹಳ್ಳಿ ಹೆಂಗಸರು ಮಂಕರಿ ಒಂದರೊಳಗೊಂದು ಇಟ್ಕೊಂಡು ಗೋಪುರದಂಗೆ ಹೊತ್ತು ತಂದಿದ್ರಂತೆ, ಸೋಮನಕುಪ್ಪೆ ಸೋತ್ರೆ ಅಲ್ಲಿಂದಲೇ ಹೋಗಿ ಮಟ್ಟಿ ಹೊರಬೇಕು ಅಂತ. ಜವರಪ್ಪ ಆ ಮಂಕರಿಗಳ ಕಡೆ ನೋಡ್ಲೇ ಇಲ್ಲ. ಊರ ಪಟೇಲ ಬಂದು, ಜವರಪ್ಪ, ತಪ್ಪು ತಿಳೀಬೇಡ, ಹೋದ ವರ್ಷದ ಥರ ಆಗೋದು ಬೇಡ, ನಿನ್ನನ್ನ ಹುಣಸೇಮರಕ್ಕೆ ಕಟ್ಟಿಹಾಕಲಾ ಅಂತ ಕೇಳಿದ್ನಂತೆ. ಬೇಡ ಪಟೇಲ್ರೆ, ಕೂತಿರ್ತೀನಿ ಅಂದ ಜವರಪ್ಪ. ಆದ್ರೂ ಪಟೇಲ ಒಂದು ಕೈ, ಕಾಳಮ್ಮ ಒಂದು ಕೈ ಹಿಡ್ಕೊಂಡು ಪಕ್ಕದಲ್ಲೇ ಕೂತ್ರಂತೆ.

ಎದುರಾಳಿ ಕೆಂಪ, ಆನೆಮರಿಯಂಥೋನು. ತಮಟೆ ಬಡೀತು. ಹೊಂಬಾಳ ಕಾಲು ಮೊದಲು ಇಟ್ಟ, ಸೊಂಟ ತಂದ, ವಸ್ತಾದನ ಪಟ್ಟನ್ನ ಅಚ್ಚುಕಟ್ಟಾಗಿ ಹಾಕಿದ. ಕೆಂಪ ಅಲ್ಲಾಡಲೇ ಇಲ್ಲ. ಮತ್ತೆ ಹಾಕಿದ, ಕೆಂಪ ನಕ್ಕ. ಜೋಳದ ದಂಟು ಬಂಡೆ ಎತ್ತೋಕೆ ಹೋದಂಗಾಯ್ತು. ಕೆಂಪ ಇವನನ್ನ ತಬ್ಕೊಂಡು ಹಿಂಡ್ತಾ ಬಂದ. ಜವರಪ್ಪನ ಗಂಟಲಲ್ಲಿ ಕೂಗು ಬಂದು ನಿಂತಿತ್ತು. ಕಣ್ಣೆದುರಿಗೇ ಹೋಗ್ತಾ ಇದೆ, ಅಪ್ಪನ ಮಣ್ಣು, ಅಜ್ಜನ ಮಣ್ಣು.

ಆಗ ಹೊಂಬಾಳ ಕೆಂಪನ ತೋಳಿನ ಸಂದಿಂದ ಒಂದೇ ಒಂದು ಸಾರಿ ವಸ್ತಾದನ ಕಡೆ ನೋಡಿದ್ನಂತೆ. ಜವರಪ್ಪನಿಗೆ ಆ ಗಳಿಗೇಲಿ ತಾನಾಗಿದ್ರೆ ಏನು ಮಾಡ್ತಿದ್ದೆ ಅಂತ ಸರಿಯಾಗಿ ಗೊತ್ತಿತ್ತು. ಆ ಮೈಯಲ್ಲಿ, ಆ ದಂಟಿನಂಥ ಮೈಯಲ್ಲಿ ಏನು ಮಾಡಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಕೂಗಬಾರದು ಅಂತ ಕೂಗನ್ನ ನುಂಗಿದ. ಹುಡುಗನ ಕಣ್ಣನ್ನೇ ನೋಡ್ತಾ ಮೆಲ್ಲಗೆ ತಲೆಯಾಡಿಸಿದ. ನಿನಗೆ ಬಿಟ್ಟಿದ್ದು ಅಂತ.

ಅಷ್ಟೇ ನೋಡು. ಹೊಂಬಾಳ ಮೈಯೆಲ್ಲ ಸಡಿಲ ಬಿಟ್ಟ. ಹಿಂಡ್ತಿದ್ದ ಕೆಂಪನ ಕೈಗೆ ಏನೂ ಸಿಗದಂಗಾಯ್ತು. ಬಿಲಕ್ಕಿಳಿಯೋ ಹಾವಿನಂಗೆ ಅವನ ಕಂಕುಳಿಂದ ಕೆಳಕ್ಕೆ ಜಾರಿ, ಅವನ ಕಾಲ ನಡುವೆ ಕುಕ್ಕರಗಾಲಲ್ಲಿ ಕೂತು, ಅವನ ತೋಳನ್ನ ಮುಂದಕ್ಕೆ ಎಳೆದ. ಕೆಂಪನ ಭಾರವೇ ಕೆಂಪನನ್ನ ಉರುಳಿಸ್ತು. ಹುಡುಗನ ಹೆಗಲ ಮೇಲಿಂದ ಲಾಗ ಹಾಕಿ, ಬೆನ್ನು ಹಚ್ಚಿ ಚಿತ್ ಬಿದ್ದ. ಅಖಾಡದ ಧೂಳು ಪಾಳೇಗಾರನ ಮೀಸೆ ಮೇಲೆ ಹೋಗಿ ಕೂತಂತೆ.

ಸೋಮನಕುಪ್ಪೆ ಜನ ಕೂಗಿದ ಕೂಗಿಗೆ ಮರದ ಮೇಲಿನ ಕಾಗೆಗಳೆಲ್ಲ ಊರು ಬಿಟ್ಟವಂತೆ. ಪಟೇಲ ಕುಣಿಯೋಕೆ ಎದ್ದ, ಕಾಳಮ್ಮ ಅಳೋಕೆ ಕೂತ್ಳು. ಮಾಚಯ್ಯ ಜನರನ್ನ ತಳ್ಕೊಂಡು ಬಂದು ಜವರಪ್ಪನ ಎದುರಿಗೆ ನಿಂತ. ಜವರ, ನಿನ್ನ ಕೈಲಿ ಮೂರು ಸಾರಿ ಬಿದ್ದಿದೀನಿ, ಈ ಪಟ್ಟು ನಿನ್ನದಲ್ಲ. ಯಾವುದಿದು? ಜವರಪ್ಪ ಅಂದ್ನಂತೆ, ನನಗೂ ಗೊತ್ತಿಲ್ಲ ಮಾಚಯ್ಯ, ನಾನೂ ಇವತ್ತೇ ನೋಡಿದ್ದು. ಮಾಚಯ್ಯ ಅವನ ಬೆನ್ನು ತಟ್ಟಿ, ಈಗ ನೀನು ವಸ್ತಾದ ಆದೆ ಕಣಯ್ಯ, ಇನ್ನು ಮುಂದೆ ನನಗೆ ರಾತ್ರಿ ನಿದ್ದೆ ಇಲ್ಲ ಅಂದ್ನಂತೆ. ತೊರೆಹಳ್ಳಿ ಹೆಂಗಸರು ಬರೀ ಮಂಕರಿ ಹೊತ್ಕೊಂಡು ಹೋಗಬಾರದು ಅಂತ ಕಾಳಮ್ಮ ಒಂದೊಂದಕ್ಕೂ ಪುರಿ, ಬೆಲ್ಲ, ಎಳ್ಳಿನ ಹಿಂಡಿ ತುಂಬಿಸಿ ಕಳಿಸಿದ್ಳಂತೆ.

ಮಾರನೇ ದಿನ ಬೆಳಿಗ್ಗೆ, ಇನ್ನೂ ಕೋಳಿ ಕೂಗ್ತಿರೋವಾಗಲೇ ಜವರಪ್ಪ ಗರಡೀಲಿ ಕಾಯ್ತಿದ್ನಂತೆ. ಹೊಂಬಾಳ ಕಣ್ಣುಜ್ಜಿಕೊಂಡು ಬಂದ. ಬಾರಯ್ಯ, ನಿನ್ನೆ ಹಾಕಿದ ಪಟ್ಟು ನನಗೆ ತೋರಿಸು, ನಿಧಾನ ತೋರಿಸು ಅಂದ ಜವರಪ್ಪ. ಹೊಂಬಾಳ ತಲೆ ಕೆರ್‍ಕೊಂಡ. ಅದು ವಸ್ತಾದ್ರೆ, ಹೆಂಗೆ ಹಾಕಿದೆ ಅಂತ ನನಗೇ ಗೊತ್ತಿಲ್ಲ. ಹಿಂಗೆ ಜಾರಿದೆ, ಹಿಂಗೆ ಎಳೆದೆ, ಹಿಂಗೆ ಆಯ್ತು, ಅಷ್ಟೇ.

ಜವರಪ್ಪ ನಕ್ಕ ನೋಡು, ಹೊಟ್ಟೆ ಹಿಡ್ಕೊಂಡು ಗುಂಡಿ ಅಂಚಿಗೆ ಕೂತು ನಕ್ಕ, ಅವನ ಮಂಡಿಯೂ ಕಿರ್‍ರ್ ಕಿರ್‍ರ್ ಅಂತ ನಕ್ತಂತೆ. ಆಯ್ತಪ್ಪ ಪೈಲ್ವಾನ, ಇನ್ನು ನಿನಗೂ ನನ್ನದೇ ಕಾಯಿಲೆ ಅಂದ. ಆಮೇಲೆ ಮಟ್ಟಿ ಮುಟ್ಟಿ ಹಣೆಗಿಟ್ಕೊಂಡು, ಗುಂಡಿಗಿಳಿದು, ಕೈ ಚಾಚಿ ನಿಂತ್ಕೊಂಡು ಹೇಳಿದ್ನಂತೆ, ಬಾ, ಎತ್ತು ನನ್ನ. ನಿನಗೆ ಗೊತ್ತಾಗೋ ತನಕ ನಾನು ಬೀಳ್ತಿರ್ತೀನಿ.

ಅವರಿಬ್ಬರೂ ಅಲ್ಲಿ ಬೀಳ್ತಾ ಏಳ್ತಾ ಮಣ್ಣಲ್ಲಿ ಸುಖವಾಗಿದ್ರಂತೆ, ನಾವಿಬ್ಬರೂ ಇಲ್ಲಿ ಕಂಬಳಿಯೊಳಗೆ ಬೆಚ್ಚಗಿದೀವಿ. ಕತೆ ಅಲ್ಲಿಗೆ ಮುಗೀತು, ನಿನ್ನ ಹ್ಞೂಂ ಇಲ್ಲಿಗೆ ಮುಗೀಲಿ, ಕಣ್ಣು ಮುಚ್ಚು ನನ್ನಪ್ಪ.